ಕಲ್ಲಿದ್ದಲ ಕೋಣೆಯ ಘಾಟು

ಕೊಲ್ಕತ್ತಾದ ಉತ್ತರ ತುದಿಯ ದಕ್ಷಿಣೇಶ್ವರದ ಸ್ಟೇಷನ್ನಿನಿಂದ ಗಂಗೆಯ ದಿಕ್ಕಿಗೆ ನಡೆದರೆ ಆರಿಯಾದಹದ ಗಲ್ಲಿಗಳು ಸಿಗುತ್ತವೆ. ಅಲ್ಲಿನ ಒಂದು ಹಳೆಯ ಮನೆಯ ಮಹಡಿಯಲ್ಲಿ ನಾನು ಏಳು ವರ್ಷ ಬಾಡಿಗೆಗಿದ್ದೆ. ಬರಾನಗರದ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡಲೆಂದು 2002ರಲ್ಲಿ ಮೈಸೂರಿನಿಂದ ಬಂದವಳು ನಾನು. ಮನೆಯ ಯಜಮಾನರಾದ ಘೋಷಾಲ್ ಬಾಬು ಉಬ್ಬಸದ ಮುದುಕರು. ನನ್ನ ಪಕ್ಕದ ಕೋಣೆಗಳಲ್ಲೇ ಇದ್ದರು. ಕೆಳಗೆ ಗದಗಿನ ಕಡೆಯ ಒಂದು ಸಂಸಾರ. ಹಯವದನ ನಗರದ ಮಧ್ಯದ ಬಿಬಿಡಿ ಬಾಗ್‌ನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ದಿನಾ ಬೆಳಿಗ್ಗೆ ಸಿಯಾಲ್ದಾ ಲೋಕಲ್ ಹಿಡಿಯುವವರು. ಹೆಂಡತಿ ಇಂದುಮತಿ. ಮಗಳು ನಿಹಾರಿಕಾ ಆಗ ಏಳನೆಯ ಕ್ಲಾಸು. ಬಂಗಾಳಿಗಳು ಬೌದಿ ಅನ್ನುವ ಅತ್ತಿಗೆಗೆ ಧಾರವಾಡದ ಕಡೆ ವೈನಿ ಅನ್ನುತ್ತಾರೆಂದು ಆ ಮನೆಯಲ್ಲೇ ಕಲಿತು ನಾನೂ ಇಂದುಮತಿಯವರನ್ನು ವೈನಿ ಎಂದೇ ಕರೆಯುತ್ತಿದ್ದೆ.

ವೈನಿಯ ಮೂಗು ದೊಡ್ಡ ಮೂಗು. ಆಕಾರದ ಮಾತಲ್ಲ. ಕೊತ್ತಂಬರಿ ಬೀಜದ ಪೊಟ್ಟಣ ಬಿಚ್ಚುವ ಮೊದಲೇ ಅದು ಹೋದ ವರ್ಷದ್ದೆಂದು ಹೇಳಿ ಅಂಗಡಿಯವನಿಗೆ ವಾಪಸು ಕೊಡುವಾಕೆ. ಬೆಳಿಗ್ಗೆ ಹಾಲಿನ ಪಾತ್ರೆಯ ಮೇಲೆ ಬಗ್ಗಿ "ಇದು ಸಂಜಿತನಕ ತಡಿಯಂಗಿಲ್ಲ" ಅಂದರೆ ಅದು ಸಂಜೆಗೆ ಒಡೆದಿರುತ್ತಿತ್ತು. ನಾನು ಸಂಸ್ಥೆಯಿಂದ ಬಂದು ಮೆಟ್ಟಿಲು ಹತ್ತುವಾಗ ಒಳಗಿನಿಂದಲೇ "ಇವತ್ತ ಎಸ್‌ಪ್ಲನೇಡಿಗೆ ಹೋಗಿದ್ದಿಯೇನ? ಕರಿದ ಎಣ್ಣಿ ವಾಸನಿ ಬರ್ಲಿಕ್ಕತ್ತದ" ಎಂದು ಕೂಗುತ್ತಿದ್ದರು.

ಆ ಮೂಗಿನಿಂದ ಹುಟ್ಟಿದ್ದು ಅವರ ಚಟ್ನಿಪುಡಿ. ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿ, ಕರಿಬೇವು, ಹುಣಸೆ, ಚೂರು ಬೆಲ್ಲ, ಇಂಗು, ಊರಿನಿಂದ ತರಿಸಿದ ಬ್ಯಾಡಗಿ ಮೆಣಸಿನಕಾಯಿ. ಎಲ್ಲರೂ ಹಾಕುವುದು ಇದನ್ನೇ. ಆದರೆ ಯಾವುದನ್ನು ಎಷ್ಟು ಹುರಿದಾಗ ಇಳಿಸಬೇಕೆಂಬುದು ವೈನಿಗೆ ಗಡಿಯಾರದಿಂದಾಗಲಿ ಬಣ್ಣದಿಂದಾಗಲಿ ಗೊತ್ತಾಗುತ್ತಿರಲಿಲ್ಲ, ವಾಸನೆಯಿಂದ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಬಾಣಲೆ ಇಳಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

2003ರ ಯುಗಾದಿಗೆ ನಮ್ಮ ಕನ್ನಡದವರ ಊಟದಲ್ಲಿ ಋಷಿಕೇಶ್ ಎಂಬ ಹುಬ್ಬಳ್ಳಿಯ ಹುಡುಗನಿಗೆ ವೈನಿ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟರು. ಅವನು ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಇಂಜಿನಿಯರು. ಆಗ ಅಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಮುಂದಿನ ಭಾನುವಾರ ಅವನು ಖಾಲಿ ಡಬ್ಬಿ ಹಿಡಿದು ಬಂದ.

"ವೈನಿ, ನಮ್ಮ ಆಫೀಸಿನ ಬಂಗಾಲಿ ಮಂದಿ ಏನ್ ಮಾಡ್ಯಾರ ಗೊತ್ತೇನ್ರಿ? ನಿಮ್ಮ ಚಟ್ನಿಪುಡಿ ಚುರಮರಿಯೊಳಗ ಕಲಿಸಿಕೊಂಡು ತಿಂದಾರ! ಉಳ್ಳಾಗಡ್ಡಿ, ಸಾಸಿವಿ ಎಣ್ಣಿ, ಮ್ಯಾಲೆ ಇದು. ಎರಡು ದಿನದಾಗ ಖಾಲಿ. ಇನ್ನ ಹತ್ತು ಡಬ್ಬಿ ಬೇಕಂತ."

ಹತ್ತು ಡಬ್ಬಿ ಹೋಯಿತು, ನಲವತ್ತು ಡಬ್ಬಿ ಹೋಯಿತು. ಬಂಗಾಳಿ ಹುಡುಗರು ಅದಕ್ಕೆ 'ಲಾಲ್ ಗುಂಡೋ', ಕೆಂಪು ಪುಡಿ, ಎಂದು ಹೆಸರಿಟ್ಟರಂತೆ. ವೈನಿಗೆ ಅದು ಸೇರಲಿಲ್ಲ. ಡಬ್ಬಿಯ ಮೇಲೆ ಅಂಟಿಸಲು ಒಂದು ಚೀಟಿ ಬರೆದುಕೊಡೆಂದು ನನ್ನನ್ನು ಕರೆದರು.

"ಹೆಸರು ಏನು ಹಾಕೋಣ? ಅನ್ನಪೂರ್ಣಾ?" ಎಂದು ಕೇಳಿದೆ.

"ಬ್ಯಾಡ. ನನ್ನ ಹೆಸರ ಹಾಕು. ಬರೇ ಇಂದುಮತಿ."

ಪೇಪರು ಓದುತ್ತಿದ್ದ ಹಯವದನ ತಲೆಯೆತ್ತಿದರು. "ದೇವರ ಹೆಸರ ಬಿಟ್ಟು ನಿಂದ್ಯಾಕ?"

"ದೇವರು ಮೆಣಸಿನಕಾಯಿ ಹುರಿತಾನೇನ್ರಿ? ಹನ್ನೆರಡು ವರ್ಷ ಆತು ಈ ಊರಿಗೆ ಬಂದು. ಗಲ್ಲಿಯೊಳಗ ಮದ್ರಾಸಿ ಬೌದಿ, ಸಾಲ್ಯಾಗ ನಿಹಾರಿಕಾರ್ ಮಾ. ನಂಗೂ ಒಂದು ಹೆಸರ ಅದ ಅಂತ ಯಾರಿಗೆ ಗೊತ್ತದ?"

ನಾನು ಕನ್ನಡ, ಬಂಗಾಳಿ, ಇಂಗ್ಲಿಷ್ ಮೂರರಲ್ಲೂ ಬರೆದೆ. ವೈನಿ ಬಂಗಾಳಿಯ ಅಕ್ಷರಗಳ ಮೇಲೆ ಬೆರಳಾಡಿಸಿ ಇದರೊಳಗೆ 'ಮ' ಯಾವುದು, 'ತಿ' ಯಾವುದು ಎಂದು ಕೇಳಿ ತಿಳಿದುಕೊಂಡರು.

ಶೆಫಾಲಿ ಆ ಮನೆಗೆ ಅಂಗಳದ ಬಾವಿಯಷ್ಟೇ ಹಳಬಳು. ರೈಲ್ವೆ ಹಳಿಯ ಪಕ್ಕದ ಜೋಪಡಿಯಿಂದ ದಿನಾ ಬೆಳಿಗ್ಗೆ ಬಂದು ಪಾತ್ರೆ ತಿಕ್ಕಿ ನೆಲ ಒರೆಸಿ ಹೋಗುವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಕ್ಯಾನಿಂಗ್ ಕಡೆಯ ಹಳ್ಳಿಯಲ್ಲಿ ಒಬ್ಬಳು ತಂಗಿ. ವೈನಿಗಿಂತ ನಾಲ್ಕೈದು ವರ್ಷ ದೊಡ್ಡವಳಾದ್ದರಿಂದ ಇವರು ಅವಳನ್ನು ಶೆಫಾಲಿದಿ, ಶೆಫಾಲಿ ಅಕ್ಕ, ಅನ್ನುವರು. ಅವಳು ಇವರನ್ನು ಬೌದಿ ಅನ್ನುವಳು. ಚಟ್ನಿಪುಡಿಯ ಕೆಲಸ ಹೆಚ್ಚಾದಾಗ ಅವಳು ಬೇರೆ ಮನೆಗಳನ್ನು ಬಿಟ್ಟು ಇಡೀ ದಿನ ಇಲ್ಲೇ ನಿಂತಳು. ಕನ್ನಡದ ಒಂದೊಂದೇ ಮಾತು ಕಲಿತಳು: ಬ್ಯಾಳಿ, ಕೊಬ್ರಿ, ಇಂಗು, ಸಾಕು. ಯೌವನದಲ್ಲಿ ತನಗೆ ಕ್ಷಯ ಬಂದು ವಾಸಿಯಾಗಿತ್ತೆಂದು ಅವಳು ಒಮ್ಮೆ ಮಾತಿನ ಮಧ್ಯೆ ವೈನಿಗೆ ಹೇಳಿದ್ದಳು. ಈ ಸಂಗತಿ ವೈನಿಗೆ ಗೊತ್ತಿತ್ತು. ಅದನ್ನು ಅವರೇ ಮುಂದೆ ನನ್ನೆದುರು ಒಪ್ಪಿಕೊಂಡರು.

2005ರಲ್ಲಿ ಸೆಕ್ಟರ್ ಫೈವ್‌ನ ಎರಡು ಮೂರು ಕ್ಯಾಂಟೀನು ನಡೆಸುವ ಗುತ್ತಿಗೆದಾರನೊಬ್ಬ ವಾರಕ್ಕೆ ನಲವತ್ತು ಕೆ.ಜಿ. ಬೇಕೆಂದ. ಅಡುಗೆಮನೆ ಸಾಲಲಿಲ್ಲ. ಮನೆಯ ಹಿಂಭಾಗದಲ್ಲಿ, ಹಿಂದಿನ ಕಾಲದಲ್ಲಿ ಕಲ್ಲಿದ್ದಲು ತುಂಬಿಡುತ್ತಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಗಲ್ಲಿಗೆ ತೆರೆಯುವ ಒಂದೇ ಕಿಟಕಿ, ಒಂದು ಬಾಗಿಲು. ಘೋಷಾಲ್ ಬಾಬು ಅದನ್ನು ಕೊಟ್ಟರು. ಗೋಡೆಗೆ ಸುಣ್ಣ ಬಳಿಸಿ, ದೊಡ್ಡ ಒಲೆ ಎರಡು, ಪುಡಿ ಮಾಡುವ ಯಂತ್ರ ಒಂದು ತಂದು ಕೂರಿಸಿದರು. ಮೊದಲ ದಿನ ವೈನಿ ಆ ಕೋಣೆಗೆ ಆರತಿ ಎತ್ತಿದರು. ಶೆಫಾಲಿ ಶಂಖ ಊದಿದಳು. ಹಯವದನ ಕಚೇರಿಗೆ ರಜೆ ಹಾಕಿ ಮನೆಯಲ್ಲೇ ಇದ್ದು ಎಲ್ಲರಿಗೂ ಸಂದೇಶ್ ಮಿಠಾಯಿ ಹಂಚಿದರು.

ಮನೆಯಲ್ಲಿ ಹತ್ತು ಮೆಣಸಿನಕಾಯಿ ಹುರಿದರೆ ಸೀನು ಬರುತ್ತದೆ. ದಿನಾ ಕಿಲೋಗಟ್ಟಲೆ ಹುರಿದಾಗ ಗಲ್ಲಿಗೆ ಗಲ್ಲಿಯೇ ಕೆಮ್ಮತೊಡಗಿತು. ಎದುರು ಮನೆಯ ಹಸುಗೂಸು ಅತ್ತು ಅತ್ತು ಕಂಗೆಟ್ಟಿತು. ಮಹಡಿಯಲ್ಲಿ ಘೋಷಾಲ್ ಬಾಬು ಉಸಿರು ಸಿಗದೆ ಒದ್ದಾಡುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ನನಗೂ ಕೆಮ್ಮು. ಪಾಡಾದ, ಎಂದರೆ ಕೇರಿಯ, ಕ್ಲಬ್ಬಿನವರು ಒಂದು ಸಂಜೆ ಗುಂಪು ಕಟ್ಟಿಕೊಂಡು ಬಂದರು. ಜಗಳವೇನೂ ಆಗಲಿಲ್ಲ. ಘೋಷಾಲ್ ಬಾಬು ಕೋಲೂರಿಕೊಂಡು ಕೆಳಗಿಳಿದು ಬಂದು ಸೊಸೆಯನ್ನು ಕರೆದಂತೆ ಬಂಗಾಳಿಯಲ್ಲಿ ಮೆಲ್ಲಗೆ ಹೇಳಿದರು, "ಬೌಮಾ, ನಿನ್ನ ಕೆಲಸ ನಿಲ್ಲಿಸು ಅನ್ನುವುದಿಲ್ಲ. ಆದರೆ ಹೊಗೆ ಹೊರಗೆ ಬರಕೂಡದು. ಬಂದರೆ ಕೋಣೆ ಬಿಟ್ಟುಬಿಡು."

ಹೊಗೆ ಎಳೆಯುವ ದೊಡ್ಡ ಫ್ಯಾನು ಹಾಕಿ ಸೂರಿನ ಮೇಲಕ್ಕೆ ಕೊಳವೆ ಬಿಡುತ್ತೇವೆ ಎಂದರೆ ಹಳೆಯ ಗೋಡೆ ಒಡೆಯಲು ಅವರು ಒಪ್ಪಲಿಲ್ಲ. ಋಷಿಕೇಶ್ ಬೆಲ್‌ಘರಿಯಾದಲ್ಲಿ ಒಂದು ಶೆಡ್ಡು ಹುಡುಕಿದ. ಅಂಗಳ ತೆರೆದದ್ದು, ಸುತ್ತ ಮನೆಗಳಿಲ್ಲ. ವೈನಿ ಹೋಗಿ ನೋಡಿಯೂ ಬಂದರು. ಆದರೆ ಬೆಳಿಗ್ಗೆ ಹೋದರೆ ಸಂಜೆಯೇ ಮನೆ. ನಿಹಾರಿಕಾಳ ಹತ್ತನೆಯ ಕ್ಲಾಸಿನ ಪರೀಕ್ಷೆಗೆ ನಾಲ್ಕು ತಿಂಗಳಿತ್ತು.

"ಪರೀಕ್ಷಾ ಮುಗೀಲಿ, ಆಮ್ಯಾಲೆ ಹೋಗೂಣು," ಎಂದರು ವೈನಿ. ಮರುದಿನ ಕಲ್ಲಿದ್ದಲ ಕೋಣೆಯ ಕಿಟಕಿ ಮುಚ್ಚಿ, ಸಂದಿಗೊಂದಿಗೆ ಹಳೆಯ ಸೀರೆ ತುರುಕಿ, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟರು.

ಅವತ್ತು ಸಂಜೆ ಹಯವದನ ಗೋಣಿ ಸರಿಸಿ ಒಳಗೆ ಇಣುಕಿ, ಒಂದು ನಿಮಿಷ ನಿಲ್ಲಲಾರದೆ ಕೆಮ್ಮುತ್ತ ಹೊರಗೆ ಬಂದರು. "ಏನಿದು? ಕಿಡಕಿ ಹಾಕ್ಕೊಂಡು ಮೆಣಸಿನಕಾಯಿ ಹುರಿತಾರೇನು? ಸಾಯ್ತೀರಿ ಇಬ್ಬರೂ."

"ಮುಖಕ್ಕ ಬಟ್ಟಿ ಕಟ್ಟಿಕೊಂಡೀವಲ್ಲರಿ. ನಾಕು ತಿಂಗಳದ ಮಾತು."

"ಒಂದೆರಡು ವಾರ ಆರ್ಡರ್ ನಿಲ್ಲಸು."

"ನಿಲ್ಲಿಸಿದ್ರ ಅವ ಮತ್ತೊಬ್ಬರ ಕಡೆ ಹೋಗ್ತಾನ. ತಿರುಗಿ ಬರೂದುಲ್ಲ."

ಕಿಟಕಿ ಮುಚ್ಚಿದ ಮೇಲೆ ಗಲ್ಲಿಯ ಕೆಮ್ಮು ನಿಂತಿತು. ನನ್ನ ಕೆಮ್ಮೂ ನಿಂತಿತು. ಆಗ ನನಗೆ ಸಮಾಧಾನವಾಯಿತು. ಆ ಹೊಗೆ ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ.

ನಿಹಾರಿಕಾಳ ಪರೀಕ್ಷೆ ಮುಗಿಯಿತು. ಅಷ್ಟರಲ್ಲಿ ಬೆಲ್‌ಘರಿಯಾದ ಶೆಡ್ಡು ಬೇರೆಯವರ ಪಾಲಾಗಿತ್ತು. ದುರ್ಗಾಪೂಜೆಯ ಹಂಗಾಮು ಮುಗಿಯಲಿ ಎಂದರು, ಚಳಿಗಾಲ ಕಳೆಯಲಿ ಎಂದರು. ವಾರಕ್ಕೆ ಅರವತ್ತು ಕೆ.ಜಿ. ಆಯಿತು. ಗಿರಾಕಿಗಳ ಫೋನು, ಡಬ್ಬಿ ತುಂಬುವುದು, ಬಸ್ಸಿನಲ್ಲಿ ಸೆಕ್ಟರ್ ಫೈವ್‌ಗೆ ಓಡಾಟ, ಇವೆಲ್ಲ ವೈನಿಯ ಪಾಲಿಗೆ ಬಂದವು. ಹುರಿಯುವ ಕೆಲಸ ಹೆಚ್ಚುಹೆಚ್ಚಾಗಿ ಶೆಫಾಲಿಯ ಕೈಗೆ ಹೋಯಿತು. ವೈನಿ ಎರಡು ಗಂಟೆ ಒಳಗಿದ್ದರೆ ಶೆಫಾಲಿ ಏಳು ಗಂಟೆ ಇರುತ್ತಿದ್ದಳು.

ಅವಳ ಕೆಮ್ಮು ಶುರುವಾದದ್ದು ಯಾವಾಗ ಎಂದು ಹೇಳುವುದು ಕಷ್ಟ. ಆ ಕೋಣೆಯಿಂದ ಬಂದವರು ಕೆಮ್ಮುವುದು ಸಹಜವೆಂದು ಎಲ್ಲರೂ ಅಂದುಕೊಂಡಿದ್ದೆವು. ಅವಳ ಕುಪ್ಪಸ ಸಡಿಲಾಗುತ್ತ ಬಂತು. ಬಾವಿಕಟ್ಟೆಯ ಹತ್ತಿರ ಕುಳಿತು ಸುಧಾರಿಸಿಕೊಳ್ಳುವುದು ಹೆಚ್ಚಾಯಿತು. ವೈನಿ ಶುಂಠಿ ಬೆಲ್ಲ ಕುದಿಸಿ ಕೊಡುವರು. ಡಾಕ್ಟರ ಹತ್ತಿರ ಹೋಗೋಣವೆಂದರೆ ಅವಳು "ಕಿಛು ಹೊಯ್‌ನಿ, ಬೌದಿ," ಏನೂ ಆಗಿಲ್ಲ, ಎಂದು ನಗುವಳು. ಕಾಯಿಲೆ ಅಂದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಅವಳಿಗೆ. ವೈನಿಗೂ ಒಳಗೊಳಗೇ ಆ ಉತ್ತರವೇ ಬೇಕಾಗಿತ್ತು.

ಇದರ ನಡುವೆ ವೈನಿಗೆ ಆದದ್ದು ನನಗೆ ಆಗ ಗೊತ್ತಾಗಲಿಲ್ಲ. 2006ರ ಕಾಳಿಪೂಜೆಯ ಮರುದಿನ ಅಡುಗೆಮನೆಯಲ್ಲಿ ಒಲೆಯ ಮುಂದೆಯೇ ನಿಂತು ಅವರು ಗಿರಾಕಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರಂತೆ. ಪಕ್ಕದ ಕೋಣೆಯಿಂದ ನಿಹಾರಿಕಾ ಓಡಿ ಬಂದಳು.

"ಅಮ್ಮಾ! ದಾಲ್ ಪೂರಾ ಜಲ್ ಗಯಾ! ಸ್ಮೆಲ್ ಬರ್ತಾ ಇಲ್ಲಾ ನಿಂಗೆ?"

ಕುಕ್ಕರಿನೊಳಗೆ ಬೇಳೆ ಕರಕಾಗಿ ಮನೆ ತುಂಬ ಸೀದ ವಾಸನೆ. ವೈನಿಗೆ ಏನೂ ಬಡಿದಿರಲಿಲ್ಲ. ಮಗಳು ಆಚೆ ಹೋದ ಮೇಲೆ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದರು. ಕರ್ಪೂರ ತೆಗೆದರು. ಸೀಮೆಎಣ್ಣೆಯ ಬಾಟಲಿಯ ಬಿರಡೆ ತೆಗೆದರು. ತಣ್ಣಗಿನ ಗಾಳಿ ಮಾತ್ರ ಮೂಗಿನೊಳಗೆ ಹೋಯಿತು.

ಅವರು ಯಾರಿಗೂ ಹೇಳಲಿಲ್ಲ. ಶೆಫಾಲಿಗೆ ಮಾತ್ರ ಹೇಳಬೇಕಾಗಿ ಬಂತು, ಅವಳಿಲ್ಲದೆ ನಡೆಯುವಂತಿರಲಿಲ್ಲ. ಅಂದಿನಿಂದ ಬಾಣಲೆ ಇಳಿಸುವ ಹೊತ್ತನ್ನು ಶೆಫಾಲಿ ಹೇಳುತ್ತಿದ್ದಳು. ಕೊಬ್ಬರಿ ತಾಜಾ ಹೌದೋ ಅಲ್ಲವೋ ಅವಳು ಮೂಸಿ ನೋಡುತ್ತಿದ್ದಳು. ಮೂರು ನಾಲ್ಕು ವರ್ಷ ವೈನಿಯ ಪಕ್ಕದಲ್ಲಿ ನಿಂತು ಅವಳು ಆ ವಿದ್ಯೆಯನ್ನು ಪೂರ್ತಿ ಕಲಿತಿದ್ದಳು. ಡಬ್ಬಿಯ ಮೇಲಿನ ಹೆಸರು ಇಂದುಮತಿ, ಒಳಗಿನ ರುಚಿ ಶೆಫಾಲಿಯದು.

2007ರ ಜುಲೈ. ಎಡೆಬಿಡದ ಮಳೆ, ಗಲ್ಲಿಯಲ್ಲಿ ಮೊಳಕಾಲುದ್ದ ನೀರು. ಕ್ಯಾಂಟೀನಿನ ಗುತ್ತಿಗೆದಾರನಿಗೆ ದೊಡ್ಡ ಆರ್ಡರು ಕೊಡುವುದಿತ್ತು. ಎರಡು ದಿನ ಶೆಫಾಲಿ ಬರಲಿಲ್ಲ. ನೀರು ನಿಂತಿದೆ, ಅದಕ್ಕೇ ಬಂದಿಲ್ಲ ಎಂದುಕೊಂಡರು ವೈನಿ. ಅವಳ ಜೋಪಡಿಗೆ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಒಬ್ಬರೇ ಹುರಿದರು, ಒಬ್ಬರೇ ಪುಡಿ ಮಾಡಿದರು. ಹೊಸ ಮೂಟೆ ಕೊಬ್ಬರಿ ಬಂದಿತ್ತು. ಒಂದು ಹೋಳು ಒಡೆದು ಮೂಸಿದರು, ಕಚ್ಚಿ ನೋಡಿದರು, ತಿಳಿಯಲಿಲ್ಲ. ಚೂರು ಕೈಯಲ್ಲಿ ಹಿಡಿದು ಮಹಡಿ ಹತ್ತಿ ಬಂದರಂತೆ. ನನ್ನ ಬಾಗಿಲಿಗೆ ಬೀಗ, ನಾನು ಸಂಸ್ಥೆಯಲ್ಲಿದ್ದೆ. ನಿಹಾರಿಕಾ ಶಾಲೆಯಲ್ಲಿ, ಹಯವದನ ಕಚೇರಿಯಲ್ಲಿ. ಘೋಷಾಲ್ ಬಾಬುವಿನ ಬಾಗಿಲು ತೆರೆದೇ ಇತ್ತು. ಚಟ್ನಿಪುಡಿ ಮಾಡುವವಳು ಕೊಬ್ಬರಿ ಹಿಡಿದು ಇದರ ವಾಸನೆ ಹೇಗಿದೆ ಎಂದು ಮನೆ ಯಜಮಾನನನ್ನು ಕೇಳುವುದು ಹೇಗೆ? ಸಂಕೋಚಪಟ್ಟು ಕೆಳಗಿಳಿದರು. ಬಣ್ಣ ಬೆಳ್ಳಗಿದೆ, ಚೆನ್ನಾಗೇ ಇರಬೇಕು ಎಂದುಕೊಂಡು ಬಾಣಲೆಗೆ ಸುರಿದರು. ಮರುದಿನ ಟೆಂಪೋದಲ್ಲಿ ಅಷ್ಟೂ ಸರಕು ಹೋಯಿತು.

ಸರಕು ಹೋದ ಸಂಜೆ ಶೆಫಾಲಿಯ ನೆರೆಯವಳು ಬಂದು ಹೇಳಿದಳು: ಅವಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದಾರೆ, ಬಾಯಿಂದ ರಕ್ತ ಬಿದ್ದಿದೆ.

ವೈನಿಯ ಜೊತೆ ನಾನೂ ಹೋದೆ. ಉದ್ದನೆಯ ವಾರ್ಡಿನ ಕೊನೆಯಲ್ಲಿ, ಎರಡು ಮಂಚಗಳ ನಡುವೆ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಶೆಫಾಲಿ ಮಲಗಿದ್ದಳು. ಮೂಗಿಗೆ ಆಮ್ಲಜನಕದ ಕೊಳವೆ. ಅವಳಿಷ್ಟು ಸಣ್ಣಗಾಗಿದ್ದಾಳೆಂದು ನಾನು ಅವತ್ತೇ ನೋಡಿದ್ದು. ದಿನಾ ಕಣ್ಣೆದುರಿಗೇ ಓಡಾಡುತ್ತಿದ್ದವಳು. ಒಬ್ಬ ತರುಣ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಹಳೆಯ ಕ್ಷಯದ ಗಾಯ ಮತ್ತೆ ಎದ್ದಿದೆ, ಜೊತೆಗೆ ಎರಡೂ ಕಡೆ ಶ್ವಾಸಕೋಶ ಹೊಗೆಯಿಂದ ಕೆಟ್ಟುಹೋಗಿದೆ ಎಂದರು.

"ಏನು ಕೆಲಸ ಮಾಡ್ತಿದ್ದಳು?"

ವೈನಿ ನನ್ನ ಕಡೆ ನೋಡಿದರು. ನಾನು ಎಕ್ಸ್‌ರೇ ನೋಡಿದೆ. ಶೆಫಾಲಿಯೇ ಕಣ್ಣು ಬಿಟ್ಟು "ರಾನ್ನಾರ್ ಕಾಜ್," ಎಂದಳು. ಅಡುಗೆ ಕೆಲಸ. ಆಮೇಲೆ ವೈನಿಯ ಕೈ ಹಿಡಿದು ತಡೆತಡೆದು ಕೇಳಿದಳು, "ಕೊಬ್ರಿ... ಹೊಸದು ಬರುವುದಿತ್ತಲ್ಲ, ಬೌದಿ. ಯಾರು ಮೂಸಿದರು?"

"ನಾನೇ ನೋಡಿದೆ. ಚೆನ್ನಾಗಿತ್ತು," ಎಂದರು ವೈನಿ ತಮ್ಮ ಹರುಕು ಬಂಗಾಳಿಯಲ್ಲಿ.

ಮೂರನೆಯ ದಿನ ಋಷಿಕೇಶನ ಫೋನು. "ವೈನಿ, ಹೆಂಗ ಹೇಳ್ಲಿ... ಅಷ್ಟೂ ಡಬ್ಬಿ ಕಮಟು ಹೊಡೀಲಿಕ್ಕತ್ತಾವ. ಬಾಯಾಗ ಇಡಲಿಕ್ಕೆ ಬರೂದುಲ್ಲ. ಒಬ್ಬಿಬ್ಬರಿಗೆ ವಾಂತಿನೂ ಆಗ್ಯದ. ಗುತ್ತಿಗೆದಾರ ಎಲ್ಲಾ ತಿರುಗಿ ಕಳಸ್ಲಿಕ್ಕತ್ತಾನ. ನಿಮಗ ವಾಸನಿ ಬರಲಿಲ್ಲೇನ್ರಿ?"

"ಇಲ್ಲಪ್ಪಾ, ಬರಲಿಲ್ಲ," ಎಂದು ವೈನಿ ಫೋನಿಟ್ಟರು. ಹಯವದನರಿಗೆ, ಮಗಳಿಗೆ, ನನಗೆ ಆ ಸತ್ಯ ತಿಳಿದದ್ದು ಆಗ. ಹಯವದನ ಬೈಯಲಿಲ್ಲ. ಎದ್ದು ಹೋಗಿ ಕಲ್ಲಿದ್ದಲ ಕೋಣೆಯ ಕಿಟಕಿಯ ಸಂದಿಯಿಂದ ಸೀರೆಯ ಚಿಂದಿಗಳನ್ನು ಒಂದೊಂದಾಗಿ ಕಿತ್ತು ಹೊರಗೆಸೆದರು. ಬಹಳ ಹೊತ್ತು ಕಿತ್ತರು.

ಶೆಫಾಲಿ ಹನ್ನೊಂದು ದಿನ ಇದ್ದಳು. ವೈನಿ ದಿನಾ ಹೋಗಿ ಗಂಜಿ ಕುಡಿಸಿ ಬರುತ್ತಿದ್ದರು. ಹನ್ನೆರಡನೆಯ ಬೆಳಿಗ್ಗೆ ಹೋದಾಗ ಆ ಜಾಗದಲ್ಲಿ ಬೇರೆ ಯಾರೋ ಮಲಗಿದ್ದರು.

ಶ್ರಾದ್ಧ ಕಳೆದ ಮೇಲೆ ಶೆಫಾಲಿಯ ತಂಗಿ ಸಂಧ್ಯಾ ಅಕ್ಕನ ಸಾಮಾನು ಒಯ್ಯಲು ಬಂದಳು. ಎರಡು ಸೀರೆ, ಒಂದು ಕನ್ನಡಿ, ಕಂಬಳಿ. ವೈನಿ ಅವಳನ್ನು ಕೂರಿಸಿ, ಎದುರಿಗೆ ನೆಲದ ಮೇಲೆ ತಾವೂ ಕುಳಿತರು. ತಪ್ಪಾಗಬಾರದೆಂದು ನನ್ನನ್ನು ಮಾತು ತಿರುಗಿಸಿ ಹೇಳಲು ಕರೆದಿದ್ದರು.

"ಹೇಳು ಆಕಿಗೆ. ನಿಮ್ಮ ಅಕ್ಕನ ಜೀವ ಹೋಗಿದ್ದು ನನ್ನ ಖೋಲಿ ಹೊಗಿಯಿಂದ. ಆಕಿ ಎದಿ ಮೊದಲಽ ಸೂಕ್ಷ್ಮ ಇತ್ತು ಅಂತ ನಂಗ ಗೊತ್ತಿತ್ತು. ಗೊತ್ತಿದ್ದೂ ಕಿಡಕಿ ಮುಚ್ಚಿದೆ."

ನಾನು ಹೇಳಿದೆ. ಸಂಧ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ಅಳುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆವು. ಅವಳು ಕೇಳಿದಳು, "ಹಾಗಾದರೆ ಈಗ ಆ ಕೆಲಸಕ್ಕೆ ಯಾರೂ ಇಲ್ಲವೇ? ನನಗೆ ಕೊಡಿ. ಅಕ್ಕ ಮಾಡಿದ್ದನ್ನೆಲ್ಲ ನಾನೂ ಮಾಡ್ತೀನಿ. ನನಗೆ ಕ್ಷಯ ಬಂದಿಲ್ಲ."

ವೈನಿಗೆ ನಾನು ತಿರುಗಿಸಿ ಹೇಳಬೇಕಾಗಿರಲಿಲ್ಲ, ಅರ್ಥವಾಗಿತ್ತು. "ಇಲ್ಲ, ಇಲ್ಲ," ಎಂದು ಎರಡೂ ಕೈ ಆಡಿಸಿದರು. "ಆ ಕೆಲಸ ಮುಗೀತು. ಇನ್ನ ಇಲ್ಲ."

ಸಂಧ್ಯಾ ನಂಬಲಿಲ್ಲ. ಒಳಗೆ ಯಂತ್ರವಿತ್ತು, ಒಲೆಗಳಿದ್ದವು, ಗೋಡೆಗೆ ಆನಿಸಿದ ಮೆಣಸಿನಕಾಯಿಯ ಚೀಲಗಳಿದ್ದವು. "ಅಕ್ಕನಿಗೆ ಇಷ್ಟು ವರ್ಷ ಕೊಟ್ಟಿರಿ. ನಾನೇನು ತಪ್ಪು ಮಾಡಿದೆ?" ಎಂದಳು. ಗಂಟು ಕಟ್ಟಿಕೊಂಡು, ಮುಂದಿಟ್ಟಿದ್ದ ಚಹಾ ಮುಟ್ಟದೆ ಹೊರಟುಹೋದಳು. ವೈನಿ ಅವಳ ಹಿಂದೆ ಗಲ್ಲಿಯ ತಿರುವಿನ ತನಕ ಹೋದರು. ಅವಳು ಹೊರಳಿ ನೋಡಲಿಲ್ಲ.

ಚೀಲಗಳನ್ನು ಮರುದಿನವೇ ಮಾರಿದರು, ಯಂತ್ರವನ್ನು ಹಬ್ಬದ ಹೊತ್ತಿಗೆ. ಗುತ್ತಿಗೆದಾರ ಬೇರೆ ಕಡೆಯಿಂದ ಅಂಥದ್ದೇ ಪುಡಿ ತರಿಸತೊಡಗಿದನೆಂದು ಋಷಿಕೇಶ್ ಹೇಳಿದ. ವೈನಿ ಯಾವುದು, ಎಲ್ಲಿಯದು ಎಂದು ಕೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಸಂಧ್ಯಾಳಿಗೆ ನಾನು ನಮ್ಮ ಸಂಸ್ಥೆಯ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಕೊಡಿಸಿದೆ. ಅದು ವೈನಿ ಹಿಡಿದ ಹಟ. ಕ್ಯಾನಿಂಗ್ ಲೋಕಲಿನಲ್ಲಿ ಮೂರು ಸಲ ಅವಳ ಊರಿಗೆ ಹೋಗಿ ಒಪ್ಪಿಸಿ ಬಂದರು. ಸಂಧ್ಯಾ ಕೆಲಸಕ್ಕೆ ಬಂದಳು, ಆದರೆ ಆರಿಯಾದಹದ ಮನೆಗೆ ಮತ್ತೆ ಕಾಲಿಡಲಿಲ್ಲ.

ನಾನು 2009ರಲ್ಲಿ ಕೊಲ್ಕತ್ತಾ ಬಿಟ್ಟೆ. ಹೊರಡುವ ಮುಂಚಿನ ದಿನ ಕೆಳಗೆ ಊಟ. ಉಪ್ಪು ಹೆಚ್ಚಾಗಿತ್ತು. ಎಲ್ಲರೂ ಹಾಗೇ ಉಂಡೆವು. ತಾಟು ತೊಳೆಯುವಾಗ ವೈನಿ ತಾವಾಗಿಯೇ ಅಂದರು, "ವಾಸನಿ ತಿರುಗಿ ಬರ್ತದ ಅಂತ ಡಾಕ್ಟರ ಗುಳಿಗಿ ಬರದು ಕೊಟ್ಟಾರ. ಮೊದಲ ವಾರ ತೊಗೊಂಡೆ. ಆಮ್ಯಾಲೆ ಬಿಟ್ಟೆ."

"ಯಾಕೆ ವೈನಿ?"

"ಆ ದಿನ ಆಸ್ಪತ್ರಿಯೊಳಗ ಆಕಿಗೆ ಸುಳ್ಳು ಹೇಳಿದೆ, ಕೊಬ್ಬರಿ ಛಲೋ ಇತ್ತು ಅಂತ. ನಿಜ ಹೇಳಿದ್ರ ಆಕಿ ಬೈತಿದ್ದಳು. ಒಂದು ಸಲಾನೂ ಬೈಲಿಲ್ಲ ಆಕಿ ನನಗ. ಈ ಮೂಗರೆ ಹಿಂಗ ಇರ್ಲಿ." ಇಷ್ಟು ಹೇಳಿ ನಲ್ಲಿ ಜೋರು ತಿರುವಿದರು. ನಾನು ತಾಟುಗಳನ್ನು ಒರೆಸಿ ಜೋಡಿಸಿದೆ.

ಅವರೀಗಲೂ ಅದೇ ಮನೆಯಲ್ಲಿದ್ದಾರೆ. ಎರಡು ಮೆಟ್ಟಿಲು ಹತ್ತಿದರೆ ವೈನಿಗೆ ಏದುಸಿರು. ಉಬ್ಬಸದ ಔಷಧಿ ಸದಾ ಹತ್ತಿರವಿರಬೇಕು. ಹಯವದನ ನಿವೃತ್ತರಾದ ಮೇಲೆ ಅಡುಗೆ ಅವರ ಪಾಲಿಗೆ ಬಂದಿದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮುಂಚೆ ಅವರು ಹೆಂಡತಿಗೆ ಹೊರಗೆ ಕೂಡಲು ಹೇಳುತ್ತಾರೆ. ಆಕೆ ಎದ್ದು ಹೋಗಿ ಶೆಫಾಲಿ ಕೂರುತ್ತಿದ್ದ ಬಾವಿಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾರೆ.